ತರಕಾರಿ ಶಿವಮಲ್ಲು ಮತ್ತು ಅವನ ಫೋನ್ ಗುರುಗಳು

ಶಿವಮಲ್ಲು ಫೋನನ್ನು ಕಿವಿಗಿಟ್ಟ ಕೂಡಲೇ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಮಂಗಳಾರತಿಯ ಹೊತ್ತಿನಲ್ಲಿ ಗರ್ಭಗುಡಿಯ ಮುಂದೆ ನಿಂತವರ ಹಾಗೆ ತಲೆ ಬಗ್ಗಿಸಿ, ಎಡಗೈಯನ್ನು ಎದೆಗೊತ್ತಿ, ತುಟಿ ಬಿಗಿಹಿಡಿದು ನಿಲ್ಲುವನು. ಸುತ್ತ ಹತ್ತು ಜನ ಹೆಂಗಸರು ಚೀಲ ಹಿಡಿದು ನಿಂತಿದ್ದರೂ ಅವನ ಪಾಲಿಗೆ ಆಗ ಯಾರೂ ಇಲ್ಲ. ಗಂಡಸರು ಕಣ್ಣು ಮುಚ್ಚಿ ಮಾತಾಡಿದರೆ ನನಗೆ ಮೊದಲಿನಿಂದಲೂ ಅನುಮಾನ. ನಮ್ಮ ಮನೆಯವರು ಬದುಕಿದ್ದಾಗ ಸುಳ್ಳು ಹೇಳಬೇಕಾದಾಗಲೆಲ್ಲ ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದರು.

ಶಿವಮಲ್ಲು ಮಂತ್ರವಾದಿಯಲ್ಲ, ಶಾಸ್ತ್ರ ಹೇಳುವವನೂ ಅಲ್ಲ. ತರಕಾರಿ ಮಾರುವವನು. ಚಾಮರಾಜನಗರದಿಂದ ಬೆಳಗ್ಗೆಯೇ ಲಗೇಜ್ ಆಟೊ ಹೊಡೆದುಕೊಂಡು ಹೊರಟು, ತೆರಕಣಾಂಬಿಯ ಮಾರ್ಕೆಟ್ಟಿನಲ್ಲಿ ಮಾಲು ತುಂಬಿಕೊಂಡು, ಒಂಬತ್ತು ಗಂಟೆಗೆಲ್ಲ ಗುಂಡ್ಲುಪೇಟೆಯ ನಮ್ಮ ಬೀದಿಗೆ ಬರುವನು. ವಯಸ್ಸು ಅರವತ್ತರ ಆಸುಪಾಸು. ತಲೆಗೆ ಸುತ್ತಿದ ಟವಲು, ಬಲಗಿವಿಯಲ್ಲಿ ಕೆಂಪು ಹರಳಿನ ಒಂಟಿ. ತಕ್ಕಡಿಯಲ್ಲಿ ಮೋಸವಿಲ್ಲ, ಅದನ್ನು ನಾನೇ ಮನೆಯ ತಕ್ಕಡಿಯಲ್ಲಿ ಎರಡೆರಡು ಸಲ ತೂಗಿ ನೋಡಿದ್ದೇನೆ. ತಕ್ಕಡಿ ಸರಿಯಾಗಿರುವ ವ್ಯಾಪಾರಿ ಮೋಸವನ್ನು ಇನ್ನೆಲ್ಲೋ ಇಟ್ಟಿರುತ್ತಾನೆ ಎಂದು ನನ್ನ ಅನುಮಾನ ಇನ್ನೂ ಜಾಸ್ತಿಯಾಯಿತು.

ಮೊದಲೇ ಹೇಳಿಬಿಡುತ್ತೇನೆ. ಊರವರ ಮನಸ್ಸನ್ನೆಲ್ಲ ಫೋನಿನಲ್ಲಿ ಓದಿಸುತ್ತೇನೆಂದು ತಿರುಗುತ್ತಿದ್ದ ಈ ಶಿವಮಲ್ಲುವಿಗೆ ನಿಜವಾಗಿ ಓದಬೇಕಾಗಿದ್ದದ್ದು ಒಂದೇ ಮನಸ್ಸು, ಅವನ ಹೆಂಡತಿಯದು. ಲಕ್ವ ಹೊಡೆದು ಮಾತು ಹೋಗಿದ್ದ ಆಕೆಯ ತಲೆಯೊಳಗೆ ತಾನು ಇನ್ನೂ ಇದ್ದೇನೋ ಇಲ್ಲವೋ ಎಂಬುದು ಅವನಿಗೆ ತಿಳಿಯಬೇಕಿತ್ತು. ಅದು ನನಗೆ ಗೊತ್ತಾಗುವಷ್ಟರಲ್ಲಿ ನಾನು ಮಾಡಬಾರದ ಕೆಲಸ ಮಾಡಿ ಮುಗಿಸಿದ್ದೆ.

ಅವನ ಆಟ ಹೀಗೆ. ಆಟೊದ ಹಿಂದಿನ ಹಲಗೆಯನ್ನು ಇಳಿಸಿ, ಅದರ ಮೇಲೆ ಎಂಟು ತರಕಾರಿ ಸಾಲಾಗಿ ಇಡುವನು. ಬದನೆಕಾಯಿ, ಬೆಂಡೆಕಾಯಿ, ಬೀನ್ಸು, ಟೊಮೇಟೊ, ಈರುಳ್ಳಿ, ಮೂಲಂಗಿ, ಹೀರೇಕಾಯಿ, ಕೊನೆಗೆ ಉದ್ದನೆಯ ಪಡವಲಕಾಯಿ.

"ಅವ್ವಾರೆ, ಈ ಎಂಟ್ರಲ್ಲಿ ಒಂದ ಮುಟ್ಟಿ. ಬಾಯ್ ಮಾತ್ರ ಬುಡಬ್ಯಾಡಿ. ಚಾಮರಾಜನಗರದಲ್ಲಿ ನಮ್ ಗುರುಗಳವ್ರೆ. ನೀವು ಮುಟ್ಟಿದ್ದು ಅವ್ರಿಗೆ ಅಲ್ಲಿಂದ್ಲೇ ಕಾಣ್ತದೆ" ಎನ್ನುವನು.

ಯಾರೋ ಒಬ್ಬಳು ಮುಟ್ಟುವಳು. ಶಿವಮಲ್ಲು ನಂಬರು ಒತ್ತಿ, ಫೋನು ಕಿವಿಗಿಟ್ಟು, ಕಣ್ಣು ಮುಚ್ಚಿ ನಿಲ್ಲುವನು. "ರಿಂಗಾಯ್ತಾ ಅದೆ... ಗುರುಗಳು ಪೂಜೆ ಮೇಲವ್ರೆ..." ಆಮೇಲೆ ಇದ್ದಕ್ಕಿದ್ದಂತೆ "ಅಲೋ, ಗುರುಗಳೇ, ಅಡ್ಡಬಿದ್ದೆ" ಎಂದು ಫೋನನ್ನು ಮುಟ್ಟಿದವಳ ಕೈಗೆ ಕೊಡುವನು. ಆ ಕಡೆಯಿಂದ ಒಂದು ದಪ್ಪನೆಯ, ಒಡಕು ದನಿ, ಗಂಡಸಿನದೋ ಹೆಂಗಸಿನದೋ ಹೇಳಲಾಗದ್ದು, ಒಂದೇ ಒಂದು ಮಾತು ಹೇಳುವುದು: "ಬೆಂಡೆ...ಕಾಯಿ." ಅಷ್ಟೇ. ಮುಟ್ಟಿದವಳು ಕಿರುಚಿಕೊಂಡು ಫೋನನ್ನು ಅವನ ಕೈಗೆ ಎಸೆಯುವಳು. ಗುರುಗಳು ಯಾಕೆ ಒಂದೇ ಮಾತಾಡುತ್ತಾರೆಂದು ಕೇಳಿದರೆ, "ಮೌನದಲ್ಲವ್ರೆ. ನಿಮಗೋಸ್ಕರ ಒಂದ್ ಮಾತು ಖರ್ಚ್ ಮಾಡ್ತಾವ್ರೆ" ಎನ್ನುವನು.

ಇದಕ್ಕೂ ಮೊದಲು ಅವನು ಇನ್ನೊಂದು ಆಟ ತಂದಿದ್ದ. ಫೋನಿನಲ್ಲಿ ಕೂಡಿಸಿ ಕಳೆಯುವುದಿರುತ್ತದಲ್ಲ, ಅದರಲ್ಲಿ ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವ ಮೂರು ಅಂಕಿ ಒತ್ತಿಸುವನು. ಅದನ್ನೇ ಹಿಂದುಮುಂದು ಮಾಡಿ ಕಳೆಸುವನು. ಬಂದದ್ದನ್ನು ಮತ್ತೆ ಹಿಂದುಮುಂದು ಮಾಡಿ ಕೂಡಿಸುವನು. ಆಮೇಲೆ ಒಂದು ಕುಂಬಳಕಾಯಿ ಎತ್ತಿ ಅದರ ತಳ ತೋರಿಸುವನು. ಸೀಮೆಸುಣ್ಣದಲ್ಲಿ ಮೊದಲೇ ಬರೆದಿರುವನು, 1089. ಬೀದಿಯೇ ಬೆರಗಾಯಿತು. ನನ್ನ ಮೊಮ್ಮಗಳು ಸಿಂಚನ, ನಾನು ಇದನ್ನೆಲ್ಲ ಬರೆಯುತ್ತಿರುವ ಈ ಫೋನಿನಲ್ಲಿ ನನಗೆ ಕನ್ನಡ ಒತ್ತುವುದನ್ನು ಕಲಿಸಿದವಳು, ಅವತ್ತು ಸಂಜೆ ಕೂತು ಹತ್ತು ಸಲ ಬೇರೆಬೇರೆ ಅಂಕಿ ಹಾಕಿ ನೋಡಿ ನಕ್ಕಳು. "ಅಜ್ಜಿ, ಯಾವ್ದ್ ಹಾಕಿದ್ರೂ ಅದೇ ಬರುತ್ತೆ. ಮನಸ್ಸೂ ಇಲ್ಲ ಮಣ್ಣೂ ಇಲ್ಲ."

ಮಾರನೇ ದಿನ ನಾನು ಆಟೊದ ಪಕ್ಕ ನಿಂತು, "ಯಾಕ್ಲಾ ಶಿವಮಲ್ಲು, ಎಲ್ರ ಮನಸ್ಸಲ್ಲೂ ಒಂದೇ ನಂಬರಿದ್ದದಾ?" ಎಂದೆ. ಅವನು ಹಲ್ಲು ಕಿರಿದು ನನ್ನ ಚೀಲಕ್ಕೆ ಒಂದು ಹಿಡಿ ಕರಿಬೇವು ಜಾಸ್ತಿ ಹಾಕಿದ. ನನ್ನ ಬಾಯಿ ಮುಚ್ಚಿಸಲು ಕರಿಬೇವು! ಅವತ್ತೇ ತೀರ್ಮಾನ ಮಾಡಿದೆ, ಇವನ ಗುರುವನ್ನೂ ಹಿಡಿಯಬೇಕು ಎಂದು.

ಇದರಲ್ಲಿ ನನ್ನದು ಬರೀ ಕಿಡಿಗೇಡಿತನ ಎನ್ನಬೇಡಿ. ಎದುರು ಮನೆಯ ನೀಲಮ್ಮನಿಗೆ ಆಗಷ್ಟೇ ಯಾರೋ ಫೋನ್ ಮಾಡಿ, ಬ್ಯಾಂಕಿನವರೆಂದು ಹೇಳಿ, ಮೆಸೇಜಿನಲ್ಲಿ ಬಂದ ನಂಬರು ಕೇಳಿದ್ದರು. ಪುಣ್ಯಕ್ಕೆ ಅವಳಿಗೆ ಮೆಸೇಜ್ ತೆಗೆಯಲು ಬರದೆ ಬಚಾವಾದಳು. ಗುರುತಿಲ್ಲದ ದನಿಯೊಂದು ನಮ್ಮ ಹೆಂಗಸರ ಕಿವಿಗೆ ದಿನಾ ಬೀಳುತ್ತಿದೆ. ಇವತ್ತು ಬದನೆಕಾಯಿ ಹೇಳುವ ಗುರು ನಾಳೆ ಏನು ಕೇಳುತ್ತಾನೋ! ಈಗ ನಾನು ಒಂದು ಅಕ್ಷರ ಒತ್ತಿದರೆ ಮುಂದಿನ ಪದವನ್ನು ಈ ಫೋನೇ ತೋರಿಸುತ್ತದೆ. ಅದೂ ಮನಸ್ಸು ಓದುವುದೇ ತಾನೆ? ಅದನ್ನೂ ನಾನು ನಂಬುವುದಿಲ್ಲ, ಬೇಕೆಂದೇ ಬೇರೆ ಪದ ಒತ್ತುತ್ತೇನೆ.

ಹದಿನೈದು ದಿನ ಜಗಲಿಯ ಮೇಲೆ ಕೂತು ಕಾವಲು ಕಾದೆ. ಆಗ ಒಂದು ವಿಷಯ ಕಣ್ಣಿಗೆ ಬಿತ್ತು. ಬದನೆಕಾಯಿ ಮುಟ್ಟಿದರೆ ಗುರುಗಳು ತಕ್ಷಣ ಸಿಗುತ್ತಾರೆ. ಪಡವಲಕಾಯಿ ಮುಟ್ಟಿದರೆ ಪೂಜೆ ಮುಗಿಯುವುದೇ ಇಲ್ಲ. ಗಡಿಯಾರ ನೋಡಿದರೆ ಅವನಿಗೆ ಅನುಮಾನ ಬರುತ್ತದೆಂದು ನಾನು ಲಿಂಗ ಹಿಡಿದುಕೊಂಡು ಪಂಚಾಕ್ಷರಿ ಜಪ ಶುರುಮಾಡಿದೆ. ಯಾರು ನೋಡಿದರೂ ಅಜ್ಜಿ ಭಕ್ತಿಯಲ್ಲಿದ್ದಾಳೆ ಎಂದುಕೊಳ್ಳಬೇಕು. ಬದನೆಕಾಯಿಗೆ ಎರಡು ಓಂ ನಮಃ ಶಿವಾಯ. ಬೀನ್ಸಿಗೆ ಏಳು. ಈರುಳ್ಳಿಗೆ ಹನ್ನೆರಡು. ಪಡವಲಕಾಯಿಗೆ ಇಪ್ಪತ್ತರ ಮೇಲೆ. ಯಾರು ಮುಟ್ಟಿದರೂ, ಯಾವ ದಿನವಾದರೂ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಶಿವನ ಹೆಸರಿನಲ್ಲಿ ಕಳ್ಳತನ ಪತ್ತೆಮಾಡಿದ ಸಂತೋಷಕ್ಕೆ ಆ ರಾತ್ರಿ ಎರಡು ರಾಗಿಮುದ್ದೆ ಉಂಡೆ.

ಆ ಕಡೆ ಯಾರೋ ಒಂದೊಂದಾಗಿ ಹೆಸರು ಹೇಳುತ್ತಾ ಹೋಗುತ್ತಾರೆ. ಮುಟ್ಟಿದ್ದರ ಹೆಸರು ಬಂದಾಗ ಇವನು "ಅಲೋ" ಎನ್ನುತ್ತಾನೆ. ಅವರು ಅಲ್ಲಿಗೆ ನಿಲ್ಲಿಸಿ, ಅದನ್ನೇ ಇನ್ನೊಂದು ಸಲ ಹೇಳುತ್ತಾರೆ. ಇಷ್ಟೇ ಮಾಯ.

ಮಾರನೇ ಬೆಳಗ್ಗೆ ನೀಲಮ್ಮನಿಗೆ ಪಡವಲಕಾಯಿ ಮುಟ್ಟು ಎಂದು ಮೊದಲೇ ಹೇಳಿಕೊಟ್ಟೆ. ನನಗೆ ಸಮಯ ಬೇಕಲ್ಲ. ಅವಳು ಮುಟ್ಟಿದಳು. ಶಿವಮಲ್ಲು ಕಣ್ಣು ಮುಚ್ಚಿದ. ನಾನು ಕರಿಬೇವು ಆರಿಸುವವಳ ಹಾಗೆ ಹಿಂದಿನಿಂದ ಹೋಗಿ ಫೋನನ್ನು ಕಿತ್ತುಕೊಂಡು, ಸಿಂಚನ ಹಿಂದಿನ ವಾರವಷ್ಟೇ ತೋರಿಸಿಕೊಟ್ಟಿದ್ದ ತುತ್ತೂರಿ ಚಿತ್ರವನ್ನು ಒತ್ತಿದೆ. ಸ್ಪೀಕರು ಶುರುವಾಯಿತು.

"ಬೀ...ನ್ಸು. ಟಮ... ಟಮಾಟೆ. ಈ...ರುಳ್ಳಿ."

ಹೆಂಗಸಿನ ದನಿ! ಒಂದೊಂದು ಮಾತನ್ನೂ ಬಾವಿಯಿಂದ ಸೇದಿ ತಂದ ಹಾಗೆ ಬರುತ್ತಿತ್ತು. ನಾನು ಬೀದಿಗೆಲ್ಲ ಕೇಳುವ ಹಾಗೆ ಕೂಗಿದೆ: "ಇದ್ಯಾರ್ಲಾ ನಿನ್ ಗುರು? ಸೀರೆ ಉಟ್ಕಂಡಿರೋ ಗುರುನಾ? ಎಲ್ಲಿ ಮಡಗಿದೀಯಲಾ ಇವಳ?"

ನೀಲಮ್ಮ ಸೆರಗು ಬಾಯಿಗಿಟ್ಟುಕೊಂಡು, "ಯವ್ವಾ, ಬೆಳ್‌ಬೆಳಿಗ್ಗೇನೆ ಕುಡುದವ್ಳಾ? ನಾಲ್ಗೆನೇ ತಿರುಗ್ತಿಲ್ವಲ್ಲ!" ಎಂದಳು.

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ಫೋನಿನಲ್ಲಿ "ಮೂ..." ಎಂದು ಶುರುವಾದದ್ದು ಅಲ್ಲಿಗೇ ನಿಂತಿತು. ಮೂಲಂಗಿ ಪೂರ್ತಿಯಾಗಲೇ ಇಲ್ಲ.

ಶಿವಮಲ್ಲು ನನ್ನ ಕೈಯಿಂದ ಫೋನು ತೆಗೆದುಕೊಂಡ. ಕೋಪ ಮಾಡಲಿಲ್ಲ. "ಅವ್ವಾ, ಇಲ್ಲಿ ನಕ್ಕಿದ್ದು ಆ ಕಡೆಗೂ ಕೇಳ್ತದೆ ಕಣವ್ವ" ಎಂದಷ್ಟೇ ಹೇಳಿ, ಹಲಗೆ ಎತ್ತಿ ಕಟ್ಟಿ, ಅರ್ಧ ವ್ಯಾಪಾರಕ್ಕೆ ಆಟೊ ತಿರುಗಿಸಿದ.

ಮಾರನೇ ದಿನ ಬರಲಿಲ್ಲ. ಅದರ ಮಾರನೇ ದಿನವೂ ಇಲ್ಲ. ನೋಡಿದಿರಾ, ಕಳ್ಳನಾಗಿದ್ದಕ್ಕೇ ಓಡಿಹೋದ ಎಂದು ನಾನು ಜಗಲಿಯಿಂದ ಜಗಲಿಗೆ ಸುದ್ದಿ ಹಂಚಿದೆ. ಆದರೆ ಒಂದು ವಾರ ಕಳೆದರೂ ಆ ಅರ್ಧ ಮೂಲಂಗಿ ನನ್ನ ಕಿವಿಯಿಂದ ಹೋಗಲಿಲ್ಲ. ಕುಡಿದವಳಾಗಿದ್ದರೆ ನಾವು ನಕ್ಕದ್ದಕ್ಕೆ ತಿರುಗಿಸಿ ಬೈಯುತ್ತಿದ್ದಳಲ್ಲ? ಯಾಕೆ ಸುಮ್ಮನಾದಳು? ಎಂಟನೇ ದಿನ, ಕನ್ನಡಕ ಸರಿಮಾಡಿಸಬೇಕು ಎಂದು ಸೊಸೆಗೆ ಹೇಳಿ ಚಾಮರಾಜನಗರದ ಬಸ್ಸು ಹತ್ತಿದೆ.

ರಾಮಸಮುದ್ರದ ಕಡೆ ಎರಡು ಬೀದಿ ತಿರುಗಿ, ತರಕಾರಿ ಶಿವಮಲ್ಲು ಮನೆ ಯಾವುದು ಎಂದು ಕೇಳಿದರೆ ಎಲ್ಲರಿಗೂ ಗೊತ್ತು. ಬಾಗಿಲಲ್ಲಿ ಆಟೊ ನಿಂತಿತ್ತು, ಟಾರ್ಪಾಲು ಹೊದ್ದುಕೊಂಡು. ಒಳಗೆ ಹೆಂಚಿನ ಮನೆಯ ಒಂದೇ ಕೋಣೆ. ಶಿವಮಲ್ಲು ತಟ್ಟೆಯಲ್ಲಿ ಅನ್ನ ಹಿಸುಕುತ್ತಾ ಕೂತಿದ್ದ. ಮಂಚದ ಮೇಲೆ ನನ್ನದೇ ವಯಸ್ಸಿನ ಹೆಂಗಸು, ಗೋಡೆಯ ಕಡೆ ತಿರುಗಿ ಮಲಗಿದ್ದಳು. ತಲೆದಿಂಬಿನ ಪಕ್ಕ ಗುಂಡಿ ಒತ್ತುವ ಹಳೇ ಫೋನು.

"ಬನ್ನಿ ಅವ್ವಾ" ಎಂದ ಅವನು. "ಗುರುಗಳ ನೋಡಕ್ ಬಂದ್ರಾ? ಇವ್ಳೆಯ. ನಮ್ ಪುಟ್ಟತಾಯಿ."

ನನಗೆ ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ. ಅವನೇ ಹೇಳಿದ. ಎರಡು ವರ್ಷದ ಕೆಳಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಮಾತು, ಮೂರೂ ಒಟ್ಟಿಗೆ ಹೋದವು. ಕಾಲು ಒಂದಿಷ್ಟು ಬಂತು, ಗೋಡೆ ಹಿಡಿದು ಓಡಾಡುತ್ತಾಳೆ. ಮಾತು ಬರಲಿಲ್ಲ. ಮಾತು ಕಲಿಸುವ ಹುಡುಗಿಯೊಬ್ಬಳು ಆಸ್ಪತ್ರೆಯಲ್ಲಿ ಹೇಳಿದಳಂತೆ, ದಿನಾ ಗೊತ್ತಿರುವ ಪದಾರ್ಥದ ಹೆಸರು ಹೇಳಿಸಿ, ಒಂದೇ ವರಸೆಯಲ್ಲಿ, ಮತ್ತೆ ಮತ್ತೆ ಎಂದು.

"ನಮ್ಗ್ ಗೊತ್ತಿರದು ಇನ್ಯಾವುದವ್ವ, ತರ್ಕಾರಿಯೇ. ಆದ್ರೆ ಮನೇಲಿ ಕೂತ್ಕಂಡು 'ಯೋಳಮ್ಮಿ' ಅಂದ್ರೆ ಯೋಳ್ತಾಳಾ? ನನಗ್ಯಾಕೆ ಯೋಳ್ಬೇಕು, ನನಗೆ ಬದ್ನೆಕಾಯಿ ಗೊತ್ತಿಲ್ವಾ? ಫೋನಲ್ಲಿ ಒಬ್ಬ ಇಸ್ಪೀಟೆಲೇಲಿ ಇಂಗೆ ಆಟ ಆಡ್ತಿದ್ದ. ಅದ ನೋಡ್ಬುಟ್ಟು ತರ್ಕಾರಿಗೆ ಇಳುಸ್ದೆ. 'ಜನ ಕಾಯ್ತಾವ್ರೆ ಕಣಮ್ಮಿ, ನೀ ಯೋಳ್ದಿದ್ರೆ ನನ್ ಮಾನ ಓಯ್ತದೆ' ಅಂದೆ. ಅವತ್ತಿಂದ ಯೋಳಕ್ ಸುರು ಮಾಡಿದ್ಲು. ದಿನಕ್ಕೆ ಮೂವತ್ತು ಸಲ, ನಲ್ವತ್ತು ಸಲ. ಬ್ಯಾಸ್ರಿಲ್ಲ." ತಟ್ಟೆಯ ಕಡೆ ನೋಡುತ್ತಾ ಹೇಳಿದ. "ಈಗ ಎಂಟ್ ದಿನಾಯ್ತು. ಒಂದ್ ಮಾತಿಲ್ಲ. ಸಾರ್ ಬೇಕಾ ಅಂದ್ರೂ ಗ್ವಾಡೆ ಕಡೆ."

ಮಾಡಿದವಳು ನಾನು. ಅವನು ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಅದೇ ನನಗೆ ಜಾಸ್ತಿ ಚುಚ್ಚಿತು. ಆದರೂ ಸುಳ್ಳೇಕೆ, ನನ್ನೊಳಗಿನ ಪತ್ತೇದಾರಿಣಿ ಆಗಲೂ ಸುಮ್ಮನಿರಲಿಲ್ಲ. ಈಕೆಗೆ ಮಾತು ನಿಜವಾಗಿ ನಿಂತಿದೆಯೋ, ಸಿಟ್ಟಿಗೆ ನಿಂತಿದೆಯೋ? ಸಿಟ್ಟಿಗಾದರೆ ಅದನ್ನು ಎಬ್ಬಿಸುವುದು ನನಗೆ ಗೊತ್ತು.

ಮೂಲೆಯ ಬುಟ್ಟಿಯಲ್ಲಿ ಮಾರಾಟವಾಗದೆ ಉಳಿದ ತರಕಾರಿ ಇತ್ತು. ಒಂದು ಹೀರೇಕಾಯಿ ಎತ್ತಿ, "ಏನ್ ಶಿವಮಲ್ಲು, ಪಡವಲಕಾಯಿ ಇಷ್ಟ್ ಗಿಡ್ಡಕದೆ ಈ ಸಲ?" ಎಂದೆ. ಮಂಚದ ಮೇಲೆ ಏನೂ ಅಲ್ಲಾಡಲಿಲ್ಲ. ಮೂಲಂಗಿ ಎತ್ತಿದೆ. "ಅಯ್ಯ, ಬದ್ನೆಕಾಯಿ ಯಾಕ್ಲಾ ಬೆಳ್ಳಗೆ ಬಿಳುಚ್ಕಂಡದೆ?" ಒಂದು ಭುಜ ಅಲುಗಿತು. ಈರುಳ್ಳಿ ಹಿಡಿದು ಮಂಚದ ಹತ್ತಿರವೇ ಹೋದೆ. "ಈ ಬೆಂಡೆಕಾಯಿ ಪಲ್ಯ ಮಾಡುದ್ರೆ ಲೋಳೆ ಬತ್ತದೇನವ್ವ?"

ಆಕೆ ತಿರುಗಿದಳು. ಇಂಥ ಹೆಡ್ಡಿಯನ್ನು ಎಲ್ಲೂ ನೋಡಿಲ್ಲ ಎಂಬ ಮುಖ. "ಈ...ರುಳ್ಳಿ!" ಎಂದಳು.

ಶಿವಮಲ್ಲುವಿನ ಕೈಯಲ್ಲಿದ್ದ ತಟ್ಟೆ ನೆಲಕ್ಕೆ ಬಿತ್ತು.

"ಅಂಗಾ? ನನ್ ಕಣ್ಣು ಸರಿಯಿಲ್ಲ ಕಣವ್ವ" ಎಂದೆ.

ಆಕೆ ನನ್ನನ್ನು ದಿಟ್ಟಿಸಿ ನೋಡಿದಳು. ದನಿಯ ಗುರುತು ಸಿಕ್ಕಿರಬೇಕು. ತುಟಿ ಎರಡು ಮೂರು ಸಲ ಹೊರಳಿ, "ನ...ಕ್ಕೋಳು" ಎಂದಳು.

"ಊಂ ಕಣವ್ವ, ನಕ್ಕೋಳು ನಾನೆಯ. ಬಯ್ಯಿ. ಬಯ್ಸ್ಕಳಾಕೇ ಬಸ್ಸತ್ತಿ ಬಂದಿವ್ನಿ."

ಬೈಯಬೇಕೆಂದು ಆಕೆ ಎಷ್ಟು ಒದ್ದಾಡಿದಳೋ! ಬೈಗುಳಗಳು ನಾಲಿಗೆಗೆ ಸಿಗಲಿಲ್ಲ. ಕೊನೆಗೆ ಬಾಯಿಗೆ ಬಂದದ್ದನ್ನೇ ಎತ್ತಿ ಎಸೆದಳು: "ಬದ್ನೆ...ಕಾಯಿ! ಮೂ...ಲಂಗಿ! ಪಡ್ಲ...ಕಾಯಿ!" ನನ್ನ ಜನ್ಮದಲ್ಲಿ ಅಷ್ಟು ಚೆನ್ನಾಗಿ ಯಾರೂ ನನ್ನನ್ನು ಬೈದಿಲ್ಲ. ಮೂವರೂ ನಕ್ಕೆವು. ಆಕೆಯ ನಗು ಬಾಯಿಯ ಒಂದು ಕಡೆಗೆ ಮಾತ್ರ ಬರುತ್ತಿತ್ತು.

ಹೊರಡುವಾಗ ಶಿವಮಲ್ಲು ಬಸ್ ಸ್ಟಾಂಡಿನವರೆಗೂ ಆಟೊದಲ್ಲಿ ಬಿಟ್ಟ. ದಾರಿಯಲ್ಲಿ ಅವನ ಒಳಗಿನದು ಹೊರಗೆ ಬಂತು. ಆಸ್ಪತ್ರೆಯಲ್ಲಿ ಆ ಹುಡುಗಿ, ಬೇರೆ ಕಡೆಯವಳು, ಪುಟ್ಟತಾಯಿಗೆ ಒಂದೊಂದೇ ಕೇಳುತ್ತಾ ಬಂದು, ಅವನನ್ನು ತೋರಿಸಿ, "ಇವರ ಹೆಸರೇನು?" ಎಂದಳಂತೆ. ಪುಟ್ಟತಾಯಿ ತಲೆ ಬಗ್ಗಿಸಿ ಸುಮ್ಮನಾದಳು. ಮೂರು ಸಲ ಕೇಳಿದರೂ ಸುಮ್ಮನೆ. ಹುಡುಗಿ ಚೀಟಿಯಲ್ಲಿ ಬರೆದುಕೊಟ್ಟಳು, ಗಂಡನ ಹೆಸರು ಗೊತ್ತಿಲ್ಲ ಎಂದು.

"ಮದ್ವೆಯಾಗಿ ನಲ್ವತ್ತು ವರ್ಷ. ಒಂದಿನಾನೂ ಅವಳ ಬಾಯಲ್ಲಿ ನನ್ನೆಸ್ರು ಬಂದಿಲ್ಲ ಕಣವ್ವ. ಯಾವ್ ಹೆಣ್ಮಗ ಗಂಡನ ಎಸ್ರು ಯೋಳ್ತಾಳೆ? ಈಗ ಯೋಳ್ದೆ ಇರದು ಮರ್ತಿರದಕ್ಕೋ, ಮರ್ಯಾದೆಗೋ? ಎಂಗ್ ಕಂಡಿಡಿಯದು? ಪಕ್ಕದ್ ಮನೆಯವ್ರು ಅನ್ನ ಇಕ್ಕುದ್ರೂ ಉಣ್ತಾಳೆ, ನಾನ್ ಇಕ್ಕುದ್ರೂ ಉಣ್ತಾಳೆ. ಮುಂಚೇನೂ 'ಏ' ಅಂತಿದ್ಲು, ಈಗ್ಲೂ 'ಏ' ಅಂತಾಳೆ. ಯಾರೋ ಪುಣ್ಯಾತ್ಮ ನೋಡ್ಕತಾವ್ನೆ ಅನ್ಕಂಡವ್ಳೋ ಏನೋ."

"ಏ ಬುಡ್ಲಾ, ಮರಿತಾಳಾ" ಎಂದೆ. ಆದರೆ ನನಗೂ ಅನುಮಾನವೇ. ನಾನೂ ನಮ್ಮ ಮನೆಯವರ ಹೆಸರನ್ನು ಇದುವರೆಗೆ ಹೇಳಿಲ್ಲ. ಬ್ಯಾಂಕಿನ ಫಾರಮ್ಮಿನಲ್ಲಿ ಮಗನ ಕೈಲಿ ಬರೆಸಿದೆ, ಈ ಫೋನಿಗೂ ಒತ್ತಿಲ್ಲ. ನಾಳೆ ನನ್ನ ತಲೆಯೇ ಕೆಟ್ಟರೆ, ಒಳಗೆ ಅವರಿದ್ದಾರೋ ಇಲ್ಲವೋ ಎಂದು ಯಾರಿಗೆ ಗೊತ್ತಾಗುತ್ತದೆ?

ಊರಿಗೆ ಬಂದು ಬೀದಿಯ ಹೆಂಗಸರನ್ನೆಲ್ಲ ಜಗಲಿಗೆ ಕರೆದು ಇದ್ದದ್ದು ಇದ್ದ ಹಾಗೆ ಹೇಳಿದೆ. ನೀಲಮ್ಮ ಕುಡುಕಿ ಎಂದದ್ದಕ್ಕೆ ಕೆನ್ನೆ ಕೆನ್ನೆ ಬಡಿದುಕೊ‍ಂಡಳು. ಮುಂದಿನ ಸೋಮವಾರ ಶಿವಮಲ್ಲು ಬಂದ. ಎಲ್ಲರೂ ಸಾಲಾಗಿ ನಿಂತು ಮುಟ್ಟಿದರು, ಎಲ್ಲರೂ ಕಿರುಚಿದರು. ಗುಟ್ಟು ಗೊತ್ತಾದ ಮೇಲೆ ಅವರ ಬೆರಗು ಇನ್ನೂ ಜೋರಾಗಿತ್ತು. ನಾನು ದಿನಾ ಪಡವಲಕಾಯಿಯನ್ನೇ ಮುಟ್ಟುತ್ತಿದ್ದೆ, ಆಕೆ ಎಂಟನ್ನೂ ಹೇಳಲಿ ಎಂದು.

ದಿನ ಕಳೆದ ಹಾಗೆ ಗುರುಗಳಿಗೆ ಮಾತು ಹೆಚ್ಚಾಯಿತು. "ಬದ್ನೆಕಾಯಿ" ಎಂದ ಮೇಲೆ "ಉಳ ನೋಡ್ಕೊ" ಎಂದು ಸೇರಿಸತೊಡಗಿದಳು. ಒಂದು ದಿನ ನೀಲಮ್ಮನಿಗೆ, "ಮೂಲಂಗಿ. ನಿನ್ನೇದು. ತಕಬ್ಯಾಡ" ಎಂದಳು. ನೀಲಮ್ಮ ಮೂಲಂಗಿಯನ್ನು ವಾಪಸ್ ಇಟ್ಟಳು. ಶಿವಮಲ್ಲು ಹಣೆ ಚಚ್ಚಿಕೊಂಡು, "ಗುರುಗಳೇ, ನನ್ ಅನ್ನಕ್ ಮಣ್ ಆಕ್ತಿದೀರಲ್ಲ!" ಎಂದು ಫೋನಿಗೆ ಬೈದ. ನಷ್ಟ ಮಾಡಿಕೊಂಡ ಬೇರಾವ ವ್ಯಾಪಾರಿಯ ಮುಖದಲ್ಲೂ ಅವತ್ತು ಅವನ ಮುಖದಲ್ಲಿದ್ದಷ್ಟು ಸಂತೋಷವನ್ನು ನಾನು ಕಂಡಿಲ್ಲ. ಆದರೆ ವ್ಯಾಪಾರ ಮುಗಿದು ಹಲಗೆ ಕಟ್ಟುವಾಗ ಪ್ರತಿ ದಿನವೂ ಅದೇ ಮಾತು: "ಎಲ್ಲ ಯೋಳ್ತಾಳೆ ಅವ್ವಾ. ಅದೊಂದ್ ಗೊತ್ತಾಗ್ಲಿಲ್ಲ."

ನೀನೇ ಕೇಳಿ ನೋಡು ಎಂದರೆ, ಬೇಡ ಎನ್ನುವನು. ತನ್ನ ದನಿಗೆ ಆಕೆ ಸುಮ್ಮನೆ ಊಂ ಅಂದರೆ ಅದು ಲೆಕ್ಕಕ್ಕಿಲ್ಲ, ಊಂ ಅನ್ನದಿದ್ದರೆ ತಡೆಯಲಾಗುವುದಿಲ್ಲ. ಇಷ್ಟು ಹೊತ್ತಿಗೆ ನನಗೆ ಒಂದು ಉಪಾಯ ಹೊಳೆದಿತ್ತು. ಹೊಳೆದದ್ದೋ, ಅವನೇ ದಿನಾ ಅದೇ ಮಾತಾಡಿ ಹೊಳೆಯುವ ಹಾಗೆ ಮಾಡಿದ್ದೋ, ಆ ಅನುಮಾನ ನನಗೆ ಈಗಲೂ ಇದೆ.

ಶಿವಮಲ್ಲು ಈಗ ಇಲ್ಲ. ನಮ್ಮ ಬೀದಿ ಬಿಟ್ಟ ಮೇಲೆ ರಾಮಸಮುದ್ರದ ಮನೆಯ ಬಾಗಿಲಲ್ಲೇ ತರಕಾರಿ ಹರಡಿಕೊಂಡು ಒಂದು ವರ್ಷ ಕೂತಿದ್ದ. ಒಂದು ಬೆಳಗ್ಗೆ ಎದೆ ಹಿಡಿದುಕೊಂಡವನು ಮತ್ತೆ ಏಳಲಿಲ್ಲ. ನಾನು ಹೋಗಿ ಮಣ್ಣು ಹಾಕಿ ಬಂದೆ. ಆ ದಿನದ್ದು ಬರೆಯಲು ನನಗೆ ಇಷ್ಟವಿಲ್ಲ. ನಮ್ಮ ಬೀದಿಗೆ ಅವನು ಕಡೇ ಸಲ ಬಂದ ದಿನದ್ದು ಬರೆಯುತ್ತೇನೆ.

ಅವತ್ತು ಹೆಂಗಸರೆಲ್ಲ ತರಕಾರಿ ತೆಗೆದುಕೊಂಡು ಹೋಗುವವರೆಗೂ ಕಾದು, "ಫೋನ್ ಮಾಡ್ಲಾ. ಇವತ್ತು ಮಾತು ನಂದು" ಎಂದೆ. ಅವನು ನಂಬರು ಒತ್ತಿ, ತುತ್ತೂರಿ ಒತ್ತಿ, ನನ್ನ ಕೈಗೆ ಕೊಟ್ಟ. ಕೊಟ್ಟವನು ಆ ಕಡೆ ತಿರುಗಿ ಕೊತ್ತಂಬರಿ ಕಟ್ಟಿನಲ್ಲಿ ಹಣ್ಣೆಲೆ ಕೀಳತೊಡಗಿದ.

"ಪುಟ್ಟತಾಯವ್ವಾ, ನಾನು ಕಣವ್ವ, ನಕ್ಕೋಳು."

"ಬದ್ನೆಕಾಯಿ" ಎಂದಳು ಆಕೆ, ಬೈಗುಳದ ದನಿಯಲ್ಲಿ. ನನ್ನನ್ನು ಹಾಗೆಯೇ ಕರೆಯುತ್ತಿದ್ದದ್ದು.

"ಇವತ್ತು ನೀ ಯೋಳ್ಬ್ಯಾಡ. ನಾನ್ ಯೋಳ್ತೀನಿ, ನೀ ಕೇಳು. ಗಂಡಸ್ರ ಎಸ್ರು ಯೋಳ್ತೀನಿ. ನಿಮ್ ಮನೇರ ಎಸ್ರು ಬಂದಾಗ ಊಂ ಅನ್ನು, ಸಾಕು. ನೀನ್ ಬಾಯಲ್ಲಿ ಯೋಳಂಗಿಲ್ಲ, ತಪ್ಪಾಗಲ್ಲ."

ನಾನು ಶುರುಮಾಡಿದೆ, ಒಂದೊಂದು ಹೆಸರಿಗೂ ಒಂದೊಂದು ಪಂಚಾಕ್ಷರಿಯಷ್ಟು ಬಿಡುವು ಕೊಟ್ಟು. "ಮಾದಪ್ಪ. ನಂಜುಂಡ. ಪುಟ್ಟಸ್ವಾಮಿ. ರಾಚಪ್ಪ. ಶಿವಮಲ್ಲು."

"ಊಂ."

ನಾನು ಗೆದ್ದೆ ಎಂದು ಅವನ ಬೆನ್ನಿಗೊಂದು ಗುದ್ದಿದೆ. ಅವನು ತಿರುಗಲಿಲ್ಲ. "ಉಸ್ರು ಬುಟ್ಟಿರ್ಬೇಕು ಅವ್ವಾ" ಎಂದ, ಮೆಲ್ಲಗೆ. "ಅವ್ಳು ಮಲ್ಗಿದ್ರೂ ಅಂಗೇ ಊಂ ಅಂತಾಳೆ."

ಕೆಟ್ಟ ಮನುಷ್ಯ, ನನಗಿಂತ ದೊಡ್ಡ ಅನುಮಾನದವನು. ಆದರೆ ಅವನು ಹೇಳಿದ್ದೂ ಸರಿಯೇ. ಐದು ಹೆಸರು ಕೇಳಿ ಸುಸ್ತಾಗಿ ಯಾರಾದರೂ ಊಂ ಅನ್ನಬಹುದು. ನಾನು ಇನ್ನೊಂದು ಸಲ ಹೇಳುತ್ತೇನೆ ಎಂದೆ. ಈ ಸಲ ಹತ್ತು ಹೆಸರು ಹೇಳಿದೆ. ಬಸವಣ್ಣ, ಸಿದ್ದಪ್ಪ, ಮಲ್ಲೇಶ, ಗುರುಸಿದ್ದ, ಚಿಕ್ಕಣ್ಣ, ನಾಗರಾಜ, ಮತ್ತೆ ಮಾದಪ್ಪ, ನಂಜುಂಡ, ಪುಟ್ಟಸ್ವಾಮಿ, ರಾಚಪ್ಪ. ಶಿವಮಲ್ಲುವಿನ ಹೆಸರನ್ನು ಬೇಕೆಂದೇ ಹೇಳಲಿಲ್ಲ. ಹತ್ತೂ ಹೆಸರಿಗೆ ಆ ಕಡೆಯಿಂದ ಒಂದು ಉಸಿರೂ ಬರಲಿಲ್ಲ.

"ಮುಗೀತು ಕಣವ್ವ" ಎಂದೆ.

ಶಿವಮಲ್ಲುವಿನ ಕೈಯಲ್ಲಿ ಕೊತ್ತಂಬರಿ ಕಟ್ಟು ಹಾಗೇ ನಿಂತಿತ್ತು. ಆಮೇಲೆ ಆ ದನಿ, ಒಂದೊಂದಾಗಿ ಎತ್ತಿ ಇಡುತ್ತಾ, ಬಂತು.

"ಒಬ್ರ... ಬುಟ್...ಬುಟ್ಟೆ. ನಮ್... ಮನೇರ."

ನಾನು ಅವನ ಮುಖ ನೋಡಲಿಲ್ಲ. ನೋಡುವಂಥದ್ದಲ್ಲ ಎಂದು ನನ್ನಂಥವಳಿಗೂ ಗೊತ್ತಾಯಿತು. ಹಲಗೆ ಎತ್ತಿ ಕಟ್ಟಿದ ಸದ್ದು, ಆಟೊ ಶುರುವಾದ ಸದ್ದು ಕೇಳಿಸಿತು. ತಿರುಗಿ ನೋಡುವಷ್ಟರಲ್ಲಿ ಆಟೊ ಬೀದಿಯ ತುದಿಯಲ್ಲಿತ್ತು. ತಕ್ಕಡಿ ನಮ್ಮ ಜಗಲಿಯ ಮೇಲೆ, ಕೊತ್ತಂಬರಿ ನೆಲದ ಮೇಲೆ, ಅವನ ಫೋನು ನನ್ನ ಕೈಯಲ್ಲಿ.

"ಆಟೋ... ಸದ್ದು" ಎಂದಳು ಪುಟ್ಟತಾಯಿ. "ಓದ್ರಾ?"

"ಊಂ ಕಣವ್ವ. ಓದ್ರು."

"ಎಲ್ಗೆ?"

ನನಗೇನು ಗೊತ್ತು? ಹೇಳಿ ಹೋದನೇ ಅವನು? ಬೇರೆ ಬೀದಿಗೆ ವ್ಯಾಪಾರಕ್ಕೆ ಹೋಗಿರಬಹುದು, ಯಾರೂ ಇಲ್ಲದ ಕಡೆ ಆಟೊ ನಿಲ್ಲಿಸಿ ಕೂತಿರಬಹುದು. ಕಣ್ಣಾರೆ ನೋಡದ್ದನ್ನು ನಾನು ಈ ವಯಸ್ಸಿನವರೆಗೆ ನಂಬಿದವಳಲ್ಲ, ಹೇಳಿದವಳೂ ಅಲ್ಲ.

"ಮನೆಗೆ ಬತ್ತಾವ್ರೆ ಕಣವ್ವ" ಎಂದೆ.

ಆಕೆ ಫೋನನ್ನು ಮಂಚದ ಮೇಲೆ ಇಟ್ಟಳೆಂದು ಕಾಣುತ್ತದೆ, ಕಟ್ ಮಾಡಿರಲಿಲ್ಲ. ಮಂಚ ಕಿರ್ರೆಂದಿತು. ಒಂದು ಕಾಲು ಊರಿ, ಇನ್ನೊಂದನ್ನು ಎಳೆಯುವ ಸದ್ದು. ನಿಂತು, ಮತ್ತೆ ಎಳೆಯುವ ಸದ್ದು. ಬಳೆಗಳು ಗೋಡೆಗೆ ತಾಗುತ್ತಾ ಹೋದವು. ಅವನು ತೆರಕಣಾಂಬಿಯನ್ನು ದಾಟಲು ಇನ್ನೂ ಎಷ್ಟು ಹೊತ್ತಿತ್ತೋ. ಗುಂಡ್ಲುಪೇಟೆಯ ಬೀದಿಯಲ್ಲಿ ಫೋನು ಹಿಡಿದು ನಿಂತಿದ್ದ ನನಗೆ, ಚಾಮರಾಜನಗರದ ಆ ಮನೆಯ ಬಾಗಿಲ ಚಿಲಕ ತೆಗೆದದ್ದು ಕೇಳಿಸಿತು.